ರಜೆಯ ಓದು, ಓವನ್ನಿನ ಕೇಕು

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ರೆಡ್‌ವುಡ್ ಸಿಟಿಯ ಬೀದಿಗಳಿಗೆ ಹೊಸ ಕಳೆ ಬರುತ್ತದೆ. ಮನೆಮನೆಯ ಮುಂದೆ ದೀಪಗಳ ಸಾಲು, ಹಳೆಯ ಕೋರ್ಟ್‌ಹೌಸ್ ಮುಂದಿನ ಚೌಕದಲ್ಲಿ ಹಬ್ಬದ ಸಡಗರ, ಅಂಗಡಿಗಳ ತುಂಬ ಒಣಹಣ್ಣು, ಚಾಕೊಲೇಟ್, ಬೆಣ್ಣೆ, ಮೈದಾ. ಶಾಲೆಗಳಿಗೆ ಸುಮಾರು ಎರಡು ವಾರ ರಜೆ. ಜೊತೆಗೆ ನಮ್ಮ ಕನ್ನಡ ತರಗತಿಗೂ ರಜೆ. ಮಕ್ಕಳಿಗಂತೂ ಖುಷಿಯೋ ಖುಷಿ!

ಆದರೆ ಪೋಷಕರಾದ ನಮಗೆ ಈ ಖುಷಿಯ ಜೊತೆಗೇ ಒಂದು ಚಿಕ್ಕ ಚಿಂತೆಯೂ ಬರುತ್ತದೆ. ವಾರಕ್ಕೊಮ್ಮೆ ಮಾತ್ರ ನಡೆಯುವ ಕನ್ನಡ ತರಗತಿ ಎರಡು ಮೂರು ವಾರ ನಿಂತುಹೋದರೆ, ಕಷ್ಟಪಟ್ಟು ಕಲಿತ ಒತ್ತಕ್ಷರಗಳು ಮೆಲ್ಲಗೆ ಜಾರಿಹೋಗುತ್ತವೆ. ಮಾತು ಉಳಿಯುತ್ತದೆ, ಏಕೆಂದರೆ ಮನೆಯಲ್ಲಿ ನಾವು ಮಾತನಾಡುತ್ತೇವೆ. ಓದು ಹಾಗಲ್ಲ. ಅದು ದಿನವೂ ಕಣ್ಣಿಗೆ ಬೀಳದಿದ್ದರೆ ಮರೆಯುತ್ತದೆ. ಇಲ್ಲಿ ಬಸ್ಸಿನ ಫಲಕದಲ್ಲಿ ಕನ್ನಡವಿಲ್ಲ, ಅಂಗಡಿಯ ಹೆಸರಿನಲ್ಲಿ ಕನ್ನಡವಿಲ್ಲ, ಬಾಗಿಲಿಗೆ ಬಂದು ಬೀಳುವ ದಿನಪತ್ರಿಕೆಯೂ ಇಲ್ಲ.

ಹಾಗಾದರೆ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಾಪಿ ಬರೆಸೋಣವೇ? ಬೇಡ ಬಿಡಿ! ರಜೆ ಎಂದರೆ ರಜೆಯೇ. ಅದಕ್ಕಿಂತ ಸುಲಭವಾದ, ರುಚಿಯಾದ ದಾರಿಯೊಂದಿದೆ. ಅಡುಗೆಮನೆಯಲ್ಲಿ ಒಂದು ಮಧ್ಯಾಹ್ನ, ಕನ್ನಡದಲ್ಲಿ ಬರೆದ ಒಂದು ಹಾಳೆ, ಒಂದು ಕೇಕ್ ಮತ್ತು ಒಂದು ಕಥೆಪುಸ್ತಕ. ಇಷ್ಟಿದ್ದರೆ ಸಾಕು. ಅದು ಹೇಗೆ ಎಂಬುದನ್ನೇ ಈ ಲೇಖನದಲ್ಲಿ ನೋಡೋಣ.

ಅಜ್ಜಿಯ ನೋಟ್‌ಬುಕ್ ಓದುವವರು ಯಾರು?

ನಮ್ಮಲ್ಲಿ ಅನೇಕರ ಮನೆಯಲ್ಲಿ ಒಂದು ಹಳೆಯ ನೋಟ್‌ಬುಕ್ ಇದೆ. ಅಮ್ಮನೋ ಅಜ್ಜಿಯೋ ಬರೆದದ್ದು. ಎಣ್ಣೆಯ ಕಲೆ, ಅರಿಶಿನದ ಬೆರಳಚ್ಚು, ಅಂಚು ಮಡಿಸಿದ ಹಾಳೆಗಳು. ಅದರಲ್ಲಿ ಸಾರಿನ ಪುಡಿ, ಕೋಡುಬಳೆ, ಮೈಸೂರು ಪಾಕ್, ಕೆಲವು ಪುಸ್ತಕಗಳಲ್ಲಿ ಕೊನೆಯ ಪುಟದಲ್ಲಿ "ಕುಕ್ಕರ್ ಕೇಕ್" ಕೂಡ. ಊರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಜೋಪಾನವಾಗಿ ತಂದದ್ದು.

ಈ ಪುಸ್ತಕವನ್ನು ನಾವು ಓದುತ್ತೇವೆ. ನಮ್ಮ ಮಕ್ಕಳು ಓದುತ್ತಾರೆಯೇ? ಅಕ್ಷರ ಬಾರದಿದ್ದರೆ ಅವರ ಪಾಲಿಗೆ ಅದು ಬರೀ ಚಿತ್ರದಂತೆ. ಇಂಗ್ಲಿಷಿನಲ್ಲಿ ಸಾವಿರ ಅಡುಗೆ ಪುಸ್ತಕಗಳು ಸಿಗಬಹುದು, ಆದರೆ ಅವರ ಅಜ್ಜಿಯ ಕೈಬರಹದ ಪುಸ್ತಕ ಲೋಕದಲ್ಲಿ ಒಂದೇ ಒಂದು. ಅದನ್ನು ಓದಲಾಗದಿದ್ದರೆ ನಷ್ಟ ಯಾರದು ಹೇಳಿ!

ಅದರಲ್ಲಿ ಅಕ್ಷರದ ಜೊತೆಗೆ ಇನ್ನೂ ಕೆಲವು ತೊಡಕುಗಳಿವೆ. ಅಳತೆಗಳನ್ನೇ ನೋಡಿ. ಸೇರು, ಪಾವು, ಅರೆಪಾವು, ಚಟಾಕು. ಒಂದು ಸೇರಿಗೆ ನಾಲ್ಕು ಪಾವು, ಒಂದು ಪಾವಿಗೆ ನಾಲ್ಕು ಚಟಾಕು. ಭಾರತದಲ್ಲಿ 1956ರ ಕಾನೂನಿನ ನಂತರ ಕಿಲೋಗ್ರಾಂ, ಲೀಟರ್‌ಗಳು ಕ್ರಮೇಣ ಬಳಕೆಗೆ ಬಂದವು. ಅಡುಗೆಮನೆಗಳು ಮಾತ್ರ ಪಾವನ್ನು ಬಿಡಲಿಲ್ಲ. ಊರಿನಿಂದ ಊರಿಗೆ ಸೇರಿನ ಗಾತ್ರವೂ ಬೇರೆ ಬೇರೆ ಇತ್ತು. ಆದ್ದರಿಂದ ನಮ್ಮ ಮನೆಯ ಪಾವು ಎಷ್ಟು ಎಂಬುದನ್ನು ನಮ್ಮ ಮನೆಯವರನ್ನೇ ಕೇಳಬೇಕು.

ಇನ್ನು "ಹದ". ಪಾಕ ಹದಕ್ಕೆ ಬಂದಾಗ ಇಳಿಸಿ ಎಂದು ಬರೆದಿರುತ್ತಾರೆ. ಹದ ಎಂದರೇನು? ಬೆರಳುಗಳ ನಡುವೆ ಪಾಕವನ್ನು ಎಳೆದಾಗ ಒಂದು ಎಳೆ ನಿಂತರೆ ಒಂದೆಳೆ ಪಾಕ. ಇಲ್ಲಿ ಮಿಠಾಯಿ ಮಾಡುವವರು ಇದಕ್ಕೆ ಥರ್ಮಾಮೀಟರ್ ಇಡುತ್ತಾರೆ. ಸುಮಾರು 230 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಪಾಕ ಎಳೆ ಬರುತ್ತದೆ. ಅಜ್ಜಿಯ ಬೆರಳೇ ಅವರ ಥರ್ಮಾಮೀಟರ್!

ಇಂಥ ಪ್ರಶ್ನೆಗಳನ್ನು ಮಕ್ಕಳೇ ಫೋನಿನಲ್ಲಿ ಕೇಳಲಿ. ಚಳಿಗಾಲದಲ್ಲಿ ಭಾರತದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ನಮ್ಮ ಸಂಜೆ 7:30 ಎಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಿಗ್ಗೆ 9 ಗಂಟೆ. ತಿಂಡಿ ಮುಗಿಸಿ ಅಜ್ಜಿ ಬಿಡುವಾಗಿರುವ ಹೊತ್ತು. "ಅಜ್ಜೀ, ನಿಮ್ಮ ಪಾವು ನಮ್ಮ ಕಪ್ಪಿಗೆ ಎಷ್ಟಾಗತ್ತೆ?" ಎಂದು ಮೊಮ್ಮಗು ಕೇಳಿದರೆ ಅವರಿಗಾಗುವ ಸಂತೋಷ ಎಷ್ಟಿರಬೇಡ! ಉತ್ತರವನ್ನು ಮಗು ಕನ್ನಡದಲ್ಲೇ ಬರೆದುಕೊಳ್ಳಲಿ.

ಕೇಕ್ ನಮಗೆ ಹೊಸದಲ್ಲ

ಕ್ರಿಸ್‌ಮಸ್ ಕೇಕ್ ಅಂದರೆ ಅಮೆರಿಕಕ್ಕೆ ಬಂದ ಮೇಲೆ ಕಲಿತದ್ದು ಎಂದು ಮಕ್ಕಳು ಭಾವಿಸಬಹುದು. ಹಾಗೇನಿಲ್ಲ. ಮಂಗಳೂರಿನ ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ಸಮಯಕ್ಕೆ "ಕುಸ್ವಾರ್" ಎಂಬ ತಿಂಡಿಗಳ ತಟ್ಟೆ ಸಿದ್ಧವಾಗುತ್ತದೆ. ಹುಳುವಿನಂತೆ ಸುರುಳಿಯಾದ ಕಿಡಿಯೊ, ನಮ್ಮ ಕರ್ಜಿಕಾಯಿಯ ಅಕ್ಕನಂತಿರುವ ನೆವ್ರಿ, ಅಕ್ಕಿ ಹಿಟ್ಟು ತೆಂಗಿನಕಾಯಿಯ ಗುಳಿಯೊ, ಚಕ್ಕುಲಿ, ಜೊತೆಗೆ ಹಣ್ಣಿನ ಕೇಕ್. ಮನೆಯವರೆಲ್ಲ ಒಟ್ಟಿಗೆ ಕುಳಿತು ಮಾಡುತ್ತಾರೆ. ತಟ್ಟೆ ಅಕ್ಕಪಕ್ಕದ ಮನೆಗಳಿಗೂ ಹೋಗುತ್ತದೆ, ಯಾವ ಧರ್ಮದ ಮನೆ ಎಂದು ಕೇಳದೆ.

ಕಾಸರಗೋಡಿನಿಂದ ಇನ್ನಷ್ಟು ದಕ್ಷಿಣಕ್ಕಿರುವ ತಲಶ್ಶೇರಿಯಲ್ಲಿ 1883ರಲ್ಲಿ ಮಂಬಳ್ಳಿ ಬಾಪು ಎಂಬ ಬೇಕರಿಯವರು ಒಬ್ಬ ಬ್ರಿಟಿಷ್ ತೋಟಗಾರರ ಕೋರಿಕೆಯಂತೆ ಕ್ರಿಸ್‌ಮಸ್ ಕೇಕ್ ಮಾಡಿದರೆಂದೂ, ಭಾರತೀಯರು ಮಾಡಿದ ಮೊದಲ ಕ್ರಿಸ್‌ಮಸ್ ಕೇಕ್ ಅದೇ ಎಂದೂ ಹೇಳುತ್ತಾರೆ.

ಬೆಂಗಳೂರಿನಲ್ಲಿ ಬೆಳೆದ ನಮಗೆ ಕೇಕಿನ ಪರಿಮಳ ಬಂದದ್ದು ಅಯ್ಯಂಗಾರ್ ಬೇಕರಿಗಳಿಂದ. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿಯನ್ನು ಆರಂಭಿಸಿದರು. ಆ ಬಳಿಕ ಊರೂರಿನಲ್ಲಿ ಅಯ್ಯಂಗಾರ್ ಬೇಕರಿಗಳು ಹುಟ್ಟಿಕೊಂಡವು. ಖಾರಾ ಬನ್, ದಿಲ್ ಪಸಂದ್, ಹನಿ ಕೇಕ್... ಹೆಸರು ಕೇಳಿದರೇ ಬಾಯಲ್ಲಿ ನೀರು! ಮೊಟ್ಟೆ ತಿನ್ನದ ಮನೆಗಳಿಗೂ ಕೇಕ್ ತಲುಪಿದ್ದು ಇವರಿಂದ.

ಓವನ್ ಇಲ್ಲದ ಮನೆಗಳಲ್ಲಿ ಅಮ್ಮಂದಿರು ಕುಕ್ಕರಿನ ತಳಕ್ಕೆ ಮರಳು ಹಾಕಿ, ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದು, ಅದರೊಳಗೆ ಕೇಕ್ ಮಾಡುತ್ತಿದ್ದರು. ಮರಳು ಬಿಸಿಯನ್ನು ಹಿಡಿದಿಟ್ಟು ಎಲ್ಲ ಕಡೆ ನಿಧಾನವಾಗಿ ಹರಡುತ್ತಿತ್ತು. ಓವನ್ ಮಾಡುವ ಕೆಲಸವೂ ಅದೇ ಅಲ್ಲವೇ?

ನಾವಿರುವ ನೆಲಕ್ಕೂ ಒಣಹಣ್ಣಿಗೂ ನಂಟಿದೆ. ಈಗ ಕಂಪ್ಯೂಟರ್‌ಗಳಿಗೆ ಹೆಸರಾದ ಪಕ್ಕದ ಸಾಂತಾ ಕ್ಲಾರಾ ಕಣಿವೆ ಒಂದು ಕಾಲಕ್ಕೆ ಹಣ್ಣಿನ ತೋಟಗಳ ಕಣಿವೆ. ಏಪ್ರಿಕಾಟ್, ಪ್ಲಮ್ ಹಣ್ಣುಗಳನ್ನು ಬಿಸಿಲಿಗೆ ಹರಡಿ ಒಣಗಿಸಿ ದೂರ ದೇಶಗಳಿಗೆ ಕಳಿಸುತ್ತಿದ್ದರು. ನಾವು ಕೇಕಿಗೆ ಹಾಕುವ ಒಣದ್ರಾಕ್ಷಿ ಇಂದಿಗೂ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಕಡೆಯ ತೋಟಗಳಲ್ಲಿ ಬೆಳೆಯುತ್ತದೆ.

ಪದ ಸರಿಯಾಗಿ ಓದಿದರೆ ಕೇಕ್ ಮೆತ್ತಗೆ!

ಮಕ್ಕಳೇ, ಕನ್ನಡದ ಅಡುಗೆಮನೆಯಲ್ಲಿ ಎಷ್ಟು ಕ್ರಿಯಾಪದಗಳಿವೆ ಗೊತ್ತೇ? ತರಕಾರಿಯನ್ನು ಹೆಚ್ಚುತ್ತೇವೆ, ಸೊಪ್ಪನ್ನು ಕೊಚ್ಚುತ್ತೇವೆ, ಹಸಿಮೆಣಸಿನಕಾಯಿಯನ್ನು ಸೀಳುತ್ತೇವೆ, ತೆಂಗಿನಕಾಯಿಯನ್ನು ತುರಿಯುತ್ತೇವೆ. ರವೆಯನ್ನು ಹುರಿಯುತ್ತೇವೆ, ಹಪ್ಪಳವನ್ನು ಕರಿಯುತ್ತೇವೆ, ಬದನೆಕಾಯಿಯನ್ನು ಸುಡುತ್ತೇವೆ, ಬೇಳೆಯನ್ನು ಬೇಯಿಸುತ್ತೇವೆ, ಹಾಲನ್ನು ಕಾಯಿಸುತ್ತೇವೆ, ಸಾರನ್ನು ಕುದಿಸುತ್ತೇವೆ. ಹಿಟ್ಟಿನ ಕೆಲಸದಲ್ಲಂತೂ ಬೆರೆಸು, ಕಲಸು, ಕದಡು, ನಾದು ಎಲ್ಲವೂ ಬೇರೆ ಬೇರೆ.

ಈ ವ್ಯತ್ಯಾಸ ಬರೀ ವ್ಯಾಕರಣವಲ್ಲ. ಚಪಾತಿ ಹಿಟ್ಟನ್ನು ನಾದಬೇಕು. ಗೋಧಿಯಲ್ಲಿರುವ ಪ್ರೋಟೀನು ನೀರಿನ ಜೊತೆ ಸೇರಿ ನಾದಿದಷ್ಟೂ ಗ್ಲುಟೆನ್ ಎಂಬ ಹಿಗ್ಗುವ ಬಲೆಯಾಗುತ್ತದೆ. ಅದರಿಂದಲೇ ಚಪಾತಿಯನ್ನು ಹರಿಯದಂತೆ ಲಟ್ಟಿಸಬಹುದು. ಕೇಕಿನ ಹಿಟ್ಟನ್ನು ಮಾತ್ರ ನಾದಬಾರದು, ಹಗುರವಾಗಿ ಬೆರೆಸಬೇಕು ಅಷ್ಟೇ. ಹೆಚ್ಚು ತಿರುವಿದರೆ ಅದೇ ಬಲೆ ಬಿಗಿಯಾಗಿ ಕೇಕು ರಬ್ಬರಿನಂತಾಗುತ್ತದೆ. "ಬೆರೆಸಿ" ಎಂದು ಬರೆದಿರುವಲ್ಲಿ "ನಾದಿ" ಎಂದು ತಿಳಿದರೆ ಕೇಕ್ ಕೆಟ್ಟಂತೆಯೇ!

ಓದಿ ಮಾಡೋಣ ಬನ್ನಿ

ಇಲ್ಲೊಂದು ಮೊಟ್ಟೆಯಿಲ್ಲದ ಒಣಹಣ್ಣಿನ ಕೇಕ್ ಇದೆ. ಒಂದು ನಿಯಮ ಮಾತ್ರ ಇಟ್ಟುಕೊಳ್ಳೋಣ. ಓದುವ ಕೆಲಸ ಮಕ್ಕಳದು. ದೊಡ್ಡವರು ಅವರು ಓದಿದ್ದನ್ನು ಮಾತ್ರ ಮಾಡಬೇಕು. ಓದದಿದ್ದರೆ ಸಕ್ಕರೆ ಬೀಳುವುದಿಲ್ಲ!

ಬೇಕಾಗುವ ಸಾಮಗ್ರಿಗಳು:
ಮೈದಾ – 1½ ಕಪ್
ಸಕ್ಕರೆ – ¾ ಕಪ್
ಗಟ್ಟಿ ಮೊಸರು – 1 ಕಪ್
ಎಣ್ಣೆ – ½ ಕಪ್
ಬೇಕಿಂಗ್ ಪೌಡರ್ – 1¼ ಟೀ ಚಮಚ
ಅಡುಗೆ ಸೋಡಾ – ½ ಟೀ ಚಮಚ
ಉಪ್ಪು – ಒಂದು ಚಿಟಿಕೆ
ಏಲಕ್ಕಿ ಪುಡಿ – ½ ಟೀ ಚಮಚ
ಒಣದ್ರಾಕ್ಷಿ, ಖರ್ಜೂರ, ಅಕ್ರೋಟು – ಎಲ್ಲ ಸೇರಿ ¾ ಕಪ್
ಕಿತ್ತಳೆ ರಸ – ಹಣ್ಣು ನೆನೆಸಲು 3 ದೊಡ್ಡ ಚಮಚ

ಈ ಪಟ್ಟಿಯೇ ಒಂದು ಒತ್ತಕ್ಷರದ ಪಾಠ ಎಂಬುದನ್ನು ಗಮನಿಸಿದಿರಾ? ಸಕ್ಕರೆ, ಎಣ್ಣೆ, ಏಲಕ್ಕಿ, ಉಪ್ಪು ಇವುಗಳಲ್ಲಿ ಒಂದೇ ವ್ಯಂಜನ ಎರಡು ಸಲ ಬಂದಿದೆ. ಇವು ಸಜಾತೀಯ ಒತ್ತಕ್ಷರಗಳು. ದ್ರಾಕ್ಷಿ, ಅಕ್ರೋಟು ಇವುಗಳಲ್ಲಿ ಬೇರೆ ಬೇರೆ ವ್ಯಂಜನಗಳು ಸೇರಿವೆ. ಇವು ವಿಜಾತೀಯ. ಖರ್ಜೂರದಲ್ಲಿ ಅರ್ಕಾವತ್ತು ಬಂದಿದೆ. ಬರೆಯುವಾಗ ಅದು "ಜೂ" ಆದ ಮೇಲೆ ಬಂದರೂ ಓದುವಾಗ "ರ್" ಮೊದಲು. ಪುಸ್ತಕದಲ್ಲಿ ಹತ್ತು ಸಲ ಹೇಳಿದರೂ ನಿಲ್ಲದ ಈ ನಿಯಮ, ಒಂದು ಖರ್ಜೂರ ಬಾಯಿಗೆ ಹಾಕಿಕೊಂಡರೆ ನಿಲ್ಲುತ್ತದೆ.

ಮಾಡುವ ವಿಧಾನ:
1. ಒಣದ್ರಾಕ್ಷಿ ಮತ್ತು ಸಣ್ಣಗೆ ಹೆಚ್ಚಿದ ಖರ್ಜೂರವನ್ನು ಕಿತ್ತಳೆ ರಸದಲ್ಲಿ ಒಂದು ಗಂಟೆ ನೆನೆಸಿಡಿ. ಅಕ್ರೋಟನ್ನು ಸಣ್ಣಗೆ ಮುರಿದಿಡಿ.
2. ಓವನ್ನನ್ನು 350 ಡಿಗ್ರಿ ಫ್ಯಾರನ್‌ಹೀಟಿಗೆ ಬಿಸಿಯಾಗಲು ಇಡಿ. ಎಂಟು ಇಂಚಿನ ಪಾತ್ರೆಗೆ ಎಣ್ಣೆ ಸವರಿ, ಮೈದಾ ಉದುರಿಸಿ.
3. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು, ಏಲಕ್ಕಿ ಪುಡಿ ಸೇರಿಸಿ ಜರಡಿ ಹಿಡಿಯಿರಿ.
4. ಇನ್ನೊಂದು ಪಾತ್ರೆಯಲ್ಲಿ ಮೊಸರು ಮತ್ತು ಸಕ್ಕರೆಯನ್ನು ಸಕ್ಕರೆ ಕರಗುವವರೆಗೆ ಕದಡಿ, ಎಣ್ಣೆ ಸೇರಿಸಿ.
5. ಇದಕ್ಕೆ ಹಿಟ್ಟನ್ನು ಹಾಕಿ ಗಂಟಿಲ್ಲದಂತೆ ಹಗುರವಾಗಿ ಬೆರೆಸಿ. ರಸ ಬಸಿದ ಹಣ್ಣು ಮತ್ತು ಅಕ್ರೋಟು ಸೇರಿಸಿ.
6. ತಡಮಾಡದೆ ಪಾತ್ರೆಗೆ ಸುರಿದು ಓವನ್ನಿನಲ್ಲಿ 35ರಿಂದ 40 ನಿಮಿಷ ಇಡಿ. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಕೇಕ್ ಬೆಂದಿದೆ.

ಓವನ್ ಬಾಗಿಲು ತೆರೆಯುವುದು, ಬಿಸಿ ಪಾತ್ರೆ ಹೊರತೆಗೆಯುವುದು ದೊಡ್ಡವರ ಕೆಲಸ. ಮಕ್ಕಳು ಮುಟ್ಟಬಾರದು.

ಅಳತೆಯ ಬಗ್ಗೆ ಒಂದು ಮಾತು. ಇಲ್ಲಿಯ ಒಂದು ಕಪ್ ಎಂದರೆ ಸುಮಾರು 237 ಮಿಲಿಲೀಟರ್. ಊರಿನ ಕೆಲವು ಪುಸ್ತಕಗಳಲ್ಲಿ ಕಪ್ ಎಂದರೆ 250 ಮಿಲಿಲೀಟರ್. ಒಂದೇ ಪುಸ್ತಕದ ಅಡುಗೆಗೆ ಒಂದೇ ಕಪ್ ಬಳಸಿದರೆ ಸಮಸ್ಯೆಯಿಲ್ಲ. ಬಿಸಿಯ ಲೆಕ್ಕಕ್ಕೆ ದೊಡ್ಡ ತರಗತಿಯ ಮಕ್ಕಳಿಗೆ ಒಂದು ಸೂತ್ರ: ಫ್ಯಾರನ್‌ಹೀಟಿನಿಂದ 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿ. 350 ಫ್ಯಾರನ್‌ಹೀಟ್ ಎಷ್ಟು ಸೆಲ್ಸಿಯಸ್ ಆಗುತ್ತದೆ? ಸುಮಾರು 177. ಬಾಯಿಲೆಕ್ಕ ಕನ್ನಡದಲ್ಲೇ ನಡೆಯಲಿ!

ಓವನ್ನಿನ ಒಳಗೆ ಏನಾಗುತ್ತದೆ?

ಮೊಟ್ಟೆಯಿಲ್ಲದೆ ಕೇಕ್ ಉಬ್ಬುವುದು ಹೇಗೆ? ಉತ್ತರ ಮೊಸರಿನಲ್ಲಿದೆ. ಮೊಸರಿನ ಹುಳಿ ಲ್ಯಾಕ್ಟಿಕ್ ಆಮ್ಲ. ಅಡುಗೆ ಸೋಡಾ ಆಮ್ಲದ ಜೊತೆ ಸೇರಿದೊಡನೆ ಇಂಗಾಲದ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ಆ ಸಣ್ಣ ಸಣ್ಣ ಗುಳ್ಳೆಗಳು ಓವನ್ನಿನ ಬಿಸಿಗೆ ಹಿಗ್ಗಿ ಹಿಟ್ಟನ್ನು ಮೇಲೆತ್ತುತ್ತವೆ. ಅಷ್ಟರಲ್ಲಿ ಹಿಟ್ಟು ಬೆಂದು ಗಟ್ಟಿಯಾಗಿ ಗುಳ್ಳೆಗಳ ಜಾಗ ಹಾಗೇ ಉಳಿಯುತ್ತದೆ. ಕೇಕ್ ಕತ್ತರಿಸಿದಾಗ ಕಾಣುವ ತೂತುಗಳು ಇವೇ. ಬೇಕಿಂಗ್ ಪೌಡರಿನಲ್ಲಿ ಸೋಡಾ ಮತ್ತು ಒಣ ಆಮ್ಲ ಎರಡೂ ಇರುತ್ತವೆ. ಒದ್ದೆಯಾದಾಗ, ಬಿಸಿಯಾದಾಗ ಅದು ಕೆಲಸ ಮಾಡುತ್ತದೆ.

ಈಗ "ತಡಮಾಡದೆ" ಎಂಬ ಪದ ಏಕೆ ಬಂತು ಎಂದು ತಿಳಿಯಿತಲ್ಲ? ಮೊಸರು, ಸೋಡಾ ಸೇರಿದ ಮೇಲೆ ಕಾದರೆ ಅನಿಲ ಹಾರಿಹೋಗುತ್ತದೆ. ಮೊದಲ 25 ನಿಮಿಷ ಓವನ್ ಬಾಗಿಲು ತೆರೆದರೆ ತಣ್ಣನೆ ಗಾಳಿಗೆ ಇನ್ನೂ ಗಟ್ಟಿಯಾಗದ ಕೇಕ್ ಕುಸಿಯಬಹುದು. ಹೆಚ್ಚು ಉಬ್ಬಲೆಂದು ಸೋಡಾ ಜಾಸ್ತಿ ಹಾಕಿದರೆ ಸೋಪಿನ ರುಚಿ ಬರುತ್ತದೆ.

ಕೇಕಿನ ಮೇಲಿನ ಕಂದು ಬಣ್ಣ ಮತ್ತು ಘಮಘಮಕ್ಕೂ ಕಾರಣವಿದೆ. ಬಿಸಿಯಲ್ಲಿ ಸಕ್ಕರೆಯ ಅಂಶಗಳೂ ಪ್ರೋಟೀನಿನ ಅಂಶಗಳೂ ಸೇರಿ ಹೊಸ ಬಣ್ಣ, ಹೊಸ ವಾಸನೆ ಹುಟ್ಟಿಸುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಮಯಾರ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದೂ ಇದರಿಂದಲೇ!

ಕೇಕ್ ಬೇಯುವ ನಲವತ್ತು ನಿಮಿಷ

ಕೇಕ್ ಒಳಗಿದೆ. ಬಾಗಿಲು ತೆರೆಯುವಂತಿಲ್ಲ. ಮನೆಯೆಲ್ಲ ಪರಿಮಳ. ಈ ನಲವತ್ತು ನಿಮಿಷ ಏನು ಮಾಡುವುದು? ಇದೇ ಓದುವ ಹೊತ್ತು. ಟಿವಿ ಆರಿಸಿ, ಫೋನ್ ಬದಿಗಿಟ್ಟು, ಎಲ್ಲರೂ ಒಂದೇ ಸೋಫಾದಲ್ಲಿ ಕುಳಿತು ಒಂದು ಕನ್ನಡ ಕಥೆಯನ್ನು ಗಟ್ಟಿಯಾಗಿ ಓದೋಣ. ಒಂದು ಪುಟ ಮಗು, ಒಂದು ಪುಟ ಅಪ್ಪ, ಒಂದು ಪುಟ ಅಮ್ಮ. ಓದಲು ಬಾರದ ಪುಟ್ಟ ಮಕ್ಕಳು ಚಿತ್ರ ನೋಡಿ ಮುಂದೇನಾಗುತ್ತದೆ ಎಂದು ಹೇಳಲಿ.

ಕ್ರಿಸ್‌ಮಸ್ಸಿಗೂ ಪುಸ್ತಕಕ್ಕೂ ಒಂದು ಸೊಗಸಾದ ನಂಟು ಐಸ್‌ಲ್ಯಾಂಡ್ ದೇಶದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಆಮದು ಸರಕುಗಳಿಗೆ ಮಿತಿಯಿತ್ತು, ಆದರೆ ಕಾಗದ ಸಿಗುತ್ತಿತ್ತು. ಹಾಗಾಗಿ ಪುಸ್ತಕವೇ ಒಳ್ಳೆಯ ಉಡುಗೊರೆಯಾಯಿತು. 1944ರಿಂದ ಪ್ರಕಾಶಕರು ಹೊಸ ಪುಸ್ತಕಗಳ ಪಟ್ಟಿಯನ್ನು ಪ್ರಕಟಿಸತೊಡಗಿದರು. ಕ್ರಿಸ್‌ಮಸ್ ಹಿಂದಿನ ಸಂಜೆ ಪುಸ್ತಕ ಕೊಟ್ಟು, ರಾತ್ರಿ ಕುಳಿತು ಓದುವುದು ಅಲ್ಲಿಯ ಪದ್ಧತಿಯಾಯಿತು. ಇದಕ್ಕೆ ಅವರ ಭಾಷೆಯಲ್ಲಿ "ಕ್ರಿಸ್‌ಮಸ್ ಪುಸ್ತಕಗಳ ಪ್ರವಾಹ" ಎಂಬ ಅರ್ಥದ ಹೆಸರೇ ಇದೆ. ಆ ದೇಶದ ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು ಅಷ್ಟೇ. ಅಷ್ಟು ಚಿಕ್ಕ ಭಾಷೆಯ ಜನ ಪುಸ್ತಕವನ್ನು ಹೀಗೆ ಉಳಿಸಿಕೊಂಡಿದ್ದಾರೆಂದರೆ ಕೋಟಿಗಟ್ಟಲೆ ಜನರ ಕನ್ನಡಕ್ಕೆ ಕಷ್ಟವೇ? ನಾವು ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗೆ ಇಡುತ್ತೇವೆ. ಡಿಸೆಂಬರಿನಲ್ಲಿ ಅವನ್ನೇ ತೆರೆದು ಓದೋಣ.

ಪುಸ್ತಕ ಎಲ್ಲಿಂದ ತರೋಣ? ಊರಿಗೆ ಹೋದವರು ಬರುವಾಗ ಎರಡು ಕಥೆಪುಸ್ತಕ ತಂದರೆ ನಾಲ್ಕು ಮನೆಗಳು ಹಂಚಿಕೊಂಡು ಓದಬಹುದು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿಟ್ಟಿದ್ದಾರೆ. ಕಾಗದದ ಮೇಲೆ ಮುದ್ರಿಸಿಕೊಂಡರೆ ಮಕ್ಕಳಿಗೆ ಇನ್ನೂ ಅನುಕೂಲ.

ನಮ್ಮ ಊರಿನ ಗ್ರಂಥಾಲಯವನ್ನೂ ಬಳಸಿಕೊಳ್ಳೋಣ. ರೆಡ್‌ವುಡ್ ಸಿಟಿಯ ಮಿಡಲ್‌ಫೀಲ್ಡ್ ರಸ್ತೆಯ ಗ್ರಂಥಾಲಯ ಹಿಂದೆ ಅಗ್ನಿಶಾಮಕ ಠಾಣೆಯಾಗಿತ್ತು ಎಂಬುದು ನಿಮಗೆ ಗೊತ್ತೇ? 1988ರಲ್ಲಿ ಅದು ಗ್ರಂಥಾಲಯವಾಯಿತು. ಬೆಂಕಿ ಆರಿಸುವ ಗಾಡಿಗಳಿದ್ದ ಜಾಗದಲ್ಲಿ ಈಗ ಪುಸ್ತಕಗಳು! ಅಲ್ಲಿಂದ ಇಂಗ್ಲಿಷ್ ಪುಸ್ತಕ ತಂದರೂ ಕನ್ನಡಕ್ಕೆ ಉಪಯೋಗವಿದೆ. ಹ್ಯಾಮೆಲಿನ್ ಊರಿನ ಇಲಿಗಳನ್ನು ಓಡಿಸಿದ ಕೊಳಲಿನವನ ಕಥೆಯನ್ನು ಇಂಗ್ಲಿಷಿನಲ್ಲಿ ಓದಿ, ನಂತರ ರಾಬರ್ಟ್ ಬ್ರೌನಿಂಗ್ ಅವರ ಆ ಕವನವನ್ನು ಆಧರಿಸಿ ಕುವೆಂಪು ಬರೆದ "ಬೊಮ್ಮನಹಳ್ಳಿಯ ಕಿಂದರಿಜೋಗಿ"ಯನ್ನು ಓದಿ. ಕಥೆ ಮೊದಲೇ ಗೊತ್ತಿರುವುದರಿಂದ ಕಠಿಣ ಪದಗಳ ಅರ್ಥವನ್ನು ಮಕ್ಕಳೇ ಊಹಿಸುತ್ತಾರೆ.

ಓದುವಾಗ ಒಂದು ಸಲಹೆ. ಮಗು ತಡವರಿಸಿದ ಕೂಡಲೇ ನಾವು ತಿದ್ದಬೇಕಾಗಿಲ್ಲ. ಐದು ಎಣಿಸುವಷ್ಟು ಕಾಯೋಣ. ಬಹಳ ಸಲ ಮಗುವೇ ಸರಿಮಾಡಿಕೊಳ್ಳುತ್ತದೆ. ನಗುವುದು, ಅಣ್ಣ ಅಕ್ಕನ ಜೊತೆ ಹೋಲಿಸುವುದು ಬೇಡ.

ಈ ರಜೆಯಲ್ಲಿ ಒಂದೇ ಒಂದು ಪುಟ

ಮಕ್ಕಳೇ, ನಿಮಗೊಂದು ಕೆಲಸ. ಹೆದರಬೇಡಿ, ಇದು ಹೋಂವರ್ಕ್ ಅಲ್ಲ! ನಿಮ್ಮ ಮನೆಯ ಒಂದು ತಿಂಡಿಯನ್ನು ಆರಿಸಿ. ಅಜ್ಜಿ, ತಾತ, ಅಮ್ಮ, ಅಪ್ಪ, ಅತ್ತೆ, ದೊಡ್ಡಮ್ಮ ಯಾರನ್ನಾದರೂ ಕೇಳಿ ಅದನ್ನು ನಿಮ್ಮ ಕೈಯಿಂದಲೇ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಹೇಳಿದವರ ಹೆಸರು, ಅವರ ಊರು, ನೀವು ಬರೆದ ದಿನಾಂಕ ಇರಲಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಜನವರಿಯಲ್ಲಿ ತರಗತಿ ಶುರುವಾದಾಗ ಎಲ್ಲರ ಪುಟಗಳನ್ನೂ ಸೇರಿಸಿ ಹೊಲಿದರೆ ಅದೇ ನಮ್ಮ ಶಾಲೆಯ ಅಡುಗೆ ಪುಸ್ತಕ.

ಪೋಷಕರೇ, ಆ ಪುಟವನ್ನು ನೀವು ಬರೆದುಕೊಡಬೇಡಿ. ಅಜ್ಜಿಯ ನೋಟ್‌ಬುಕ್ಕನ್ನು ನಾವು ಮೊಮ್ಮಕ್ಕಳಿಗೆ ಆಸ್ತಿಯಂತೆ ಕೊಡಬಹುದು, ಆದರೆ ಅದನ್ನು ಓದುವ ಶಕ್ತಿಯನ್ನು ಅವರೇ ಗಳಿಸಬೇಕು. "ಕೈ ಕೆಸರಾದರೆ ಬಾಯಿ ಮೊಸರು" ಎಂದು ಹಿರಿಯರು ಹೇಳಿಲ್ಲವೇ? ನಮ್ಮ ಮಕ್ಕಳ ಕೈಗೆ ಮೈದಾ ಮೆತ್ತಲಿ, ಶಾಯಿ ಮೆತ್ತಲಿ. ಬಾಯಿಗೆ ಕೇಕೂ ಸಿಗಲಿ, ಕನ್ನಡವೂ ಉಳಿಯಲಿ.

ಎಲ್ಲರಿಗೂ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಹಾರ್ದಿಕ ಶುಭಾಶಯಗಳು!